ಅವರೆಕಾಯಿ ಸೀಸನ್ ಮುಗೀತು, ಹೊಟ್ಟೆ ಉಬ್ಬರ ಮಾತ್ರ ಮುಗೀತಿಲ್ಲ. ಯಾರಿಗಾದ್ರೂ ಹೀಗಾಗಿದ್ಯಾ?

ಲೆಕ್ಕದ_ಸ್ವಾಮಿ (ತುಮಕೂರು) · ಮಾರ್ಚ್ 2, ರಾತ್ರಿ 10:40

ಎಲ್ರಿಗೂ ನಮಸ್ಕಾರ. ಮನೆಯವರ ಮುಂದೆ ಹೇಳಿದ್ರೆ ನಗ್ತಾರೆ, ಆಫೀಸಲ್ಲಿ ಹೇಳೋ ಹಾಗೇ ಇಲ್ಲ. ಇಲ್ಲಿ ಮುಖ ಕಾಣಲ್ವಲ್ಲ ಅಂತ ಧೈರ್ಯ ಮಾಡಿ ಬರೀತಿದ್ದೀನಿ.

ವಯಸ್ಸು 48. ಆಡಿಟರ್ ಆಫೀಸಲ್ಲಿ ಕೆಲಸ, ಬೆಳಗ್ಗೆ ಕೂತರೆ ಸಂಜೆಗೆ ಏಳೋದು. ನವೆಂಬರ್ ಕೊನೆಯಿಂದ ವಿಪರೀತ ಗ್ಯಾಸ್. ಮಧ್ಯಾಹ್ನ ಊಟ ಆಗಿ ಒಂದು ಗಂಟೆ ಕಳೀತಿದ್ದ ಹಾಗೆ ಹೊಟ್ಟೆ ತಮಟೆ ಥರ ಬಿಗಿಯುತ್ತೆ. ಗುಡುಗುಡು ಸದ್ದು ಪಕ್ಕದ ಟೇಬಲ್ಲಿಗೂ ಕೇಳುತ್ತೆ. ಮಾರ್ಚ್ ತಿಂಗಳು, ಕ್ಲೈಂಟುಗಳು ಎದುರಿಗೇ ಕೂತಿರ್ತಾರೆ, ಎದ್ದು ಹೋಗೋಕೂ ಆಗಲ್ಲ. ತಡೆದುಕೊಂಡ್ರೆ ನೋವು, ಬಿಟ್ರೆ ಮರ್ಯಾದೆ.

ಮೊದಲು ಅವರೆಕಾಯಿ ಮೇಲೆ ತಪ್ಪು ಹೊರಿಸಿದೆ. ನಮ್ಮನೇಲಿ ಸೀಸನ್ ಬಂತು ಅಂದ್ರೆ ಉಪ್ಪಿಟ್ಟಿಗೆ ಅವರೆ, ರೊಟ್ಟಿಗೆ ಅವರೆ, ಸಾರಿಗೆ ಅವರೆ. ಹಿತಕಿದ ಬೇಳೆ ಸಾರು, ಮುದ್ದೆ ಇದ್ರೆ ನನಗೆ ಬೇರೇನೂ ಬೇಡ. ಆದರೆ ಈಗ ಅವರೆಕಾಯಿ ಮುಗಿದು ಮೂರು ವಾರ ಆಯ್ತು, ಹೊಟ್ಟೆ ಮಾತ್ರ ಹಾಗೇ ಇದೆ.

ಮಾಡಿರೋದು: ಮೆಡಿಕಲ್ ಶಾಪಲ್ಲಿ ಕೇಳಿ ತಂದ ಪ್ಯಾಂಟೊಪ್ರಜೋಲ್ ಬೆಳಗ್ಗೆ ಖಾಲಿ ಹೊಟ್ಟೆಗೆ, ಎರಡು ತಿಂಗಳಿಂದ. ರಾತ್ರಿ ಈನೋ. ಜೀರಿಗೆ ನೀರು. ಯಾವುದಕ್ಕೂ ಬಗ್ಗಿಲ್ಲ.

ಪೇಡಾನಗರಿ_ಅಕ್ಕ (ಧಾರವಾಡ) · ಮಾರ್ಚ್ 2, ರಾತ್ರಿ 11:05

ನಗಂಗಿಲ್ಲ ಬರೀರಿ ತಮ್ಮಾ. ಇದು ಇಲ್ಲದ ಮನಿ ಯಾವುದೈತಿ? ನಮ್ಮನ್ಯಾಗ ಮಡಕಿಕಾಳ ಪಲ್ಯ ಆದ ದಿನ ಯಜಮಾನ್ರು ಅಂಗಳದಾಗ ಮಲಗ್ತಾರ.

ಒಂದು ಕೇಳ್ತೀನಿ. ಊಟದ ಜೋಡಿ ಹಸಿ ಉಳ್ಳಾಗಡ್ಡಿ ತಿಂತೀರೇನು? ನನಗ ರೊಟ್ಟಿ ಜೋಡಿ ಉಳ್ಳಾಗಡ್ಡಿ ಬಡದ ತಿನ್ನೂ ಚಟ ಇತ್ತು. ಬಿಟ್ಟ ಮ್ಯಾಲೆ ಅರ್ಧ ಕಡಿಮಿ ಆತು. ಕಾಳು ಕಾಳು ಅಂತ ಎಲ್ಲಾರೂ ಬೈತಾರ, ಉಳ್ಳಾಗಡ್ಡಿ ಯಾರೂ ಹಿಡಿಯಂಗಿಲ್ಲ.

ಗುಜ್ಜೆಪ್ರಿಯ (ಪುತ್ತೂರು) · ಮಾರ್ಚ್ 3, ಬೆಳಗ್ಗೆ 6:20

ಓಮ ಹುರಿದು, ಶುಂಠಿ ಜಜ್ಜಿ, ಚಿಟಿಕೆ ಇಂಗು ಹಾಕಿ ಕಷಾಯ ಮಾಡಿ ಕುಡೀರಿ ಮಾರಾಯ್ರೆ. ನಮ್ಮಲ್ಲಿ ಹಲಸಿನ ಬೀಜದ ಪಲ್ಯ ತಿಂದು ಬದುಕುವವರು ನಾವು. ಅವರೆಕಾಯಿ ಎಂತ ಮಹಾ!

ಮಾತ್ರೆಅಂಗಡಿ (ದಾವಣಗೆರೆ) · ಮಾರ್ಚ್ 3, ಬೆಳಗ್ಗೆ 9:15

22 ವರ್ಷದಿಂದ ಔಷಧಿ ಅಂಗಡಿ ನಡೆಸ್ತಿದ್ದೀನಿ. ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಇಷ್ಟು ಹೇಳಿ ಮುಂದೆ ಹೋಗ್ತೀನಿ.

ಕೌಂಟರಿಗೆ ಬರೋರಲ್ಲಿ ತುಂಬಾ ಜನ "ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ" ಅಂತಾರೆ. ಏನಾಗ್ತಿದೆ ಅಂತ ಕೇಳಿದ್ರೆ ಒಬ್ಬರಿಗೆ ಎದೆಯುರಿ, ಒಬ್ಬರಿಗೆ ತೇಗು, ಇನ್ನೊಬ್ಬರಿಗೆ ಹೂಸು, ಮತ್ತೊಬ್ಬರಿಗೆ ಮಂಡಿ ನೋವು! ಎಲ್ಲಕ್ಕೂ ಅದೇ ಒಂದು ಹೆಸರು. ಇಂಗ್ಲಿಷಲ್ಲಿ ಗ್ಯಾಸ್ಟ್ರಿಕ್ ಅಂದ್ರೆ ಜಠರಕ್ಕೆ ಸಂಬಂಧಿಸಿದ್ದು ಅಂತ ಮಾತ್ರ. ನಾವು ಅದರಲ್ಲಿ ಗ್ಯಾಸ್ ಅನ್ನೋ ಸದ್ದು ಕೇಳಿ ಕಾಯಿಲೆ ಮಾಡಿಕೊಂಡ್ವಿ.

ಎದೆಯುರಿ, ಹುಳಿತೇಗು ಆಮ್ಲದ ತೊಂದರೆ. ಪ್ಯಾಂಟೊಪ್ರಜೋಲ್ ಕೆಲಸ ಮಾಡೋದು ಅಲ್ಲಿ, ಆಮ್ಲ ಕಡಿಮೆ ಮಾಡುತ್ತೆ. ಬರೀ ತೇಗು ಹೆಚ್ಚಾಗಿ ನಾವೇ ನುಂಗಿದ ಗಾಳಿ. ಸ್ವಾಮಿಯವರು ಬರೆದಿರೋ ಉಬ್ಬರ, ಗುಡುಗುಡು, ಹೂಸು ಇವೆಲ್ಲ ಇನ್ನೂ ಕೆಳಗಿನ ಕಥೆ. ಸಣ್ಣ ಕರುಳಲ್ಲಿ ಜೀರ್ಣ ಆಗದೆ ಉಳಿದ ಸಕ್ಕರೆ, ಪಿಷ್ಟ, ನಾರು ದೊಡ್ಡ ಕರುಳಿಗೆ ಇಳಿಯುತ್ತೆ. ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಮಾಡುತ್ತೆ. ಮೇಲಿನ ನಲ್ಲಿ ತಿರುಗಿಸಿದ್ರೆ ಕೆಳಗಿನ ಸಂಪಿನ ನೀರು ನಿಲ್ಲಲ್ಲ. ಎರಡು ತಿಂಗಳು ನುಂಗಿದ್ರೂ ಬಗ್ಗದೇ ಇರೋದಕ್ಕೆ ಅದೇ ಕಾರಣ. ಆ ಮಾತ್ರೆಯನ್ನ ಡಾಕ್ಟರನ್ನ ಕೇಳದೆ ತಿಂಗಳುಗಟ್ಟಲೆ ತಗೋಬೇಡಿ. ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಕಮ್ಮಿಯಾಗೋದುಂಟು.

ಈನೋ ಬಗ್ಗೆ: ಅದರಲ್ಲಿರೋದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ನೀರಿಗೆ ಹಾಕಿದಾಗ ನೊರೆ ಬರುತ್ತಲ್ಲ, ಅದೂ ಗ್ಯಾಸೇ. ಕುಡಿದ ಮೇಲೆ ಢರ್ ಅಂತ ತೇಗು ಬಂದು ಹಗುರ ಅನ್ಸುತ್ತೆ. ಆ ತೇಗಲ್ಲಿ ಬಹಳಷ್ಟು ಈನೋ ತಂದಿದ್ದೇ. ಸೋಡಿಯಂ ಇರೋದ್ರಿಂದ ಬಿಪಿ ಇರೋರು ದಿನಾ ಕುಡಿಯೋದು ಬೇಡ.

ಈಗ ನನ್ನ ಪ್ರಶ್ನೆ: ಬೇರೆ ಯಾವ ಮಾತ್ರೆ ತಗೋತಿದ್ದೀರಿ? ಎಲ್ಲಾ ಬರೀರಿ.

ಲೆಕ್ಕದ_ಸ್ವಾಮಿ · ಮಾರ್ಚ್ 3, ಮಧ್ಯಾಹ್ನ 1:50

ತುಂಬಾ ಥ್ಯಾಂಕ್ಸ್ ಸಾರ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಬೇರೆ ಮಾತ್ರೆ ಏನೂ ಇಲ್ಲ. ಶುಗರ್ ಮಾತ್ರೆ ಒಂದು ಬಿಟ್ರೆ.

@ಪೇಡಾನಗರಿ_ಅಕ್ಕ, ಹಸಿ ಈರುಳ್ಳಿ ತಿನ್ನಲ್ಲ. ಆದರೆ ನಮ್ಮನೆ ಸಾರಿಗೆ ಈರುಳ್ಳಿ ಬೆಳ್ಳುಳ್ಳಿ ಧಾರಾಳ.

ಯಾರ್ರಾ_ದಂಡೆ (ಮೆಲ್ಬರ್ನ್) · ಮಾರ್ಚ್ 3, ಮಧ್ಯಾಹ್ನ 3:30

ಅಕ್ಕ ಹೇಳಿದ ಈರುಳ್ಳಿ ಮಾತಿಗೆ ನಂದೂ ಒಂದು ಸೇರಿಸ್ತೀನಿ. ನಾನಿರೋ ಊರಿನ ಮೊನಾಶ್ ವಿಶ್ವವಿದ್ಯಾಲಯದಲ್ಲೇ ಇದರ ಮೇಲೆ ದೊಡ್ಡ ಕೆಲಸ ಆಗಿರೋದು. ಪೀಟರ್ ಗಿಬ್ಸನ್, ಸೂ ಶೆಫರ್ಡ್ ಅನ್ನೋರು 2005ರಲ್ಲಿ ಫಾಡ್‌ಮ್ಯಾಪ್ ಅನ್ನೋ ಹೆಸರು ಕೊಟ್ಟರು. ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳದ, ದೊಡ್ಡ ಕರುಳಲ್ಲಿ ಬೇಗ ಹುದುಗೋ ಸಕ್ಕರೆಗಳ ಗುಂಪು ಅದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್. ಹಾಲಲ್ಲಿ ಲ್ಯಾಕ್ಟೋಸ್. ಮಾವು, ಜೇನಲ್ಲಿ ಫ್ರಕ್ಟೋಸ್ ಜಾಸ್ತಿ. ಹೂಕೋಸು, ಅಣಬೆಯಲ್ಲಿ ಮ್ಯಾನಿಟಾಲ್.

ನನಗೆ ಕರುಳಿನ ಕಿರಿಕಿರಿ ಇದೆ, ಐಬಿಎಸ್ ಅಂತಾರಲ್ಲ ಅದು. ಇಲ್ಲಿನ ಡಯಟಿಷಿಯನ್ ನಾಲ್ಕು ವಾರ ಎಲ್ಲಾ ಬಿಡಿಸಿ, ಆಮೇಲೆ ಒಂದೊಂದೇ ವಾಪಸ್ ಕೊಟ್ಟರು. ಹಾಲು ಬಚಾವಾಯ್ತು, ಬೇಳೆ ಅರ್ಧ ಬಚಾವು, ಬೆಳ್ಳುಳ್ಳಿ ಸಿಕ್ಕಿಬಿತ್ತು! ಬಿಸಿಬೇಳೆಬಾತಿಗೆ ಬೆಳ್ಳುಳ್ಳಿ ಇಲ್ಲ ಅಂದ್ರೆ ನನಗೆ ಅಳು ಬರುತ್ತೆ. ಆಗ ಕಲಿತ ಒಂದು ಉಪಾಯ: ಫ್ರಕ್ಟಾನ್ ನೀರಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ. ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಎಸಳು ಹಾಕಿ ಕೆಂಪಾದ ಮೇಲೆ ತೆಗೆದು ಪಕ್ಕಕ್ಕಿಟ್ಟು, ಅದೇ ಎಣ್ಣೆಯಲ್ಲಿ ಸಾಸಿವೆ ಕರಿಬೇವು ಒಗ್ಗರಣೆ ಕೊಡಿ. ಘಮ ಪೂರ್ತಿ ಬರುತ್ತೆ, ಗ್ಯಾಸ್ ಬರಲ್ಲ. ಸಾರಿನಲ್ಲಿ ಕುದಿಸಿ ಆಮೇಲೆ ಎಸಳು ಎತ್ತಿ ಬಿಸಾಕಿದ್ರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಅದು ನೀರಿಗೆ ಇಳಿದಿರುತ್ತೆ.

ಗುಜ್ಜೆಪ್ರಿಯ · ಮಾರ್ಚ್ 3, ಸಂಜೆ 5:10

ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಬೇಳೆ ಬೇಡ, ಹಾಲು ಬೇಡ, ಮಾವು ಬೇಡ. ಇನ್ನು ಉಳಿದದ್ದು ಎಂತ, ಗಾಳಿ ತಿನ್ನುವುದಾ? ಅಜ್ಜಿಯಂದಿರ ಕಾಲದಲ್ಲಿ ಮೊನಾಶ್ ಇರಲಿಲ್ಲ, ಇಂಗು ಇತ್ತು. ಅಷ್ಟೇ.

ಯಾರ್ರಾ_ದಂಡೆ · ಮಾರ್ಚ್ 3, ಸಂಜೆ 5:25

ಅಣ್ಣಾ, ಜೀವನಪೂರ್ತಿ ಬಿಡಿ ಅಂತ ಯಾರು ಹೇಳಿದ್ರು? ಒಂದೊಂದೇ ವಾಪಸ್ ತರೋದೇ ಅದರ ಮುಖ್ಯ ಭಾಗ. ಅರ್ಧಕ್ಕೆ ನಿಲ್ಲಿಸಿ ಎಲ್ಲಾ ಬಿಟ್ಟುಕೂತರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಉಪವಾಸ. ಐಬಿಎಸ್ ಇಲ್ಲದೋರಿಗೆ ಇಷ್ಟೆಲ್ಲ ಬೇಕಾಗೂ ಇಲ್ಲ.

ನಿವೃತ್ತ_ಮೇಷ್ಟ್ರು (ಶಿವಮೊಗ್ಗ) · ಮಾರ್ಚ್ 3, ರಾತ್ರಿ 8:00

ಜಗಳ ಬೇಡ. ವಿಜ್ಞಾನದ ಮೇಷ್ಟ್ರಾಗಿದ್ದವನು, ನನ್ನ ಎರಡು ಮಾತು.

ಕಾಳಿನ ರಾಫಿನೋಸ್, ಸ್ಟಾಕಿಯೋಸ್ ಒಡೆಯಲು ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ಮನುಷ್ಯನ ಸಣ್ಣ ಕರುಳಲ್ಲಿ ಅದು ಇಲ್ಲವೇ ಇಲ್ಲ. ಆದ್ದರಿಂದ ಕಾಳು ತಿಂದರೆ ಗ್ಯಾಸ್ ಬರುವುದು ಕಾಯಿಲೆಯಲ್ಲ, ಮನುಷ್ಯರಾಗಿ ಹುಟ್ಟಿದ್ದಕ್ಕೆ ಕಟ್ಟುವ ಕಂದಾಯ. ಆ ಕಂದಾಯವನ್ನು ಕಡಿಮೆ ಮಾಡಲು ಬರುತ್ತದೆ. ಆ ಸಕ್ಕರೆಗಳು ನೀರಿಗೆ ಇಳಿಯುತ್ತವೆ, ಆದ್ದರಿಂದ ಕಡಲೆ, ಹುರುಳಿ, ಒಣ ಅವರೆಯನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಬೇಕು. ಮೊಳಕೆ ಬರಿಸಿದರೆ ಕಾಳು ತನ್ನ ಬೆಳವಣಿಗೆಗೆ ಅದನ್ನೇ ಖರ್ಚು ಮಾಡಿಕೊಳ್ಳುತ್ತದೆ. ನಮ್ಮ ತಾಯಿ ಹುರುಳಿಕಟ್ಟು ಮಾಡುವಾಗ ಮೊದಲು ನೆನೆಸಿದ ನೀರನ್ನು ಎಮ್ಮೆಗೆ ಹಾಕುತ್ತಿದ್ದರು. ಎಮ್ಮೆ ಪಾಪ ಏನೂ ದೂರಲಿಲ್ಲ.

ಸ್ವಾಮಿಯವರ ಹಿತಕಿದ ಬೇಳೆಯಲ್ಲೂ ಇದೇ ಇದೆ. ಸಿಪ್ಪೆ ಬಿಡಿಸಲೆಂದು ನೆನೆಸುತ್ತೀರಲ್ಲ, ಆ ನೀರಿಗೂ ಸ್ವಲ್ಪ ಇಳಿದಿರುತ್ತದೆ. ಸಿಪ್ಪೆ ಹೋದರೆ ನಾರೂ ಸ್ವಲ್ಪ ಹೋಯಿತು. ಪೂರ್ತಿ ಹೋಗುವುದಿಲ್ಲ, ಉಳಿದದ್ದು ಬೇಳೆಯ ಒಳಗೇ ಇರುತ್ತದೆ.

ಇಂಗಿನ ಬಗ್ಗೆ: ಗುಜ್ಜೆಯವರೆ, ಅಂಗಡಿಯ ಡಬ್ಬಿಯಲ್ಲಿ ಬರುವುದು ಶುದ್ಧ ಇಂಗಲ್ಲ. ಅಂಟು, ಜೊತೆಗೆ ಮೈದಾ ಅಥವಾ ಅಕ್ಕಿಹಿಟ್ಟು ಬೆರೆಸಿದ್ದು. ಗೋಧಿ ಆಗದವರು ಡಬ್ಬಿಯ ಹಿಂದಿನ ಅಕ್ಷರ ಓದಬೇಕು. ಇನ್ನೊಂದು ತಮಾಷೆ, ದಿನಾ ಸಾರಿಗೆ ಹಾಕುವ ಇಂಗಿನ ಗಿಡವನ್ನು ನಾವು ಬೆಳೆಯುತ್ತಲೇ ಇರಲಿಲ್ಲ. ಇರಾನ್, ಅಫ್ಘಾನಿಸ್ತಾನದಿಂದ ಬರುತ್ತಿತ್ತು. 2020ರಲ್ಲಿ ಪಾಲಂಪುರದ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಸಸಿ ನೆಡಿಸಿದರು. ಅಜ್ಜಿಯ ಇಂಗೂ ಫಾರಿನ್ನೇ.

ಗುಜ್ಜೆಪ್ರಿಯ · ಮಾರ್ಚ್ 3, ರಾತ್ರಿ 8:20

ಅಯ್ಯೋ ದೇವರೇ 😂 ಸೋತೆ ಮೇಷ್ಟ್ರೇ. ಆದ್ರೂ ಕಷಾಯ ಕುಡಿದ್ರೆ ಆರಾಮ ಆಗುವುದು ಸುಳ್ಳಲ್ಲ.

ಮಾತ್ರೆಅಂಗಡಿ · ಮಾರ್ಚ್ 3, ರಾತ್ರಿ 9:40

ಸುಳ್ಳಲ್ಲ. ಬಿಸಿ ನೀರು, ಓಮ, ಶುಂಠಿಯಿಂದ ಹೊಟ್ಟೆ ಸಡಿಲ ಆದಂಗೆ ಅನ್ಸೋದು ಬಹಳ ಜನಕ್ಕೆ ಗೊತ್ತು. ಕುಡೀರಿ. ಅದು ಕಾರಣ ತೆಗೆಯಲ್ಲ ಅಷ್ಟೇ.

ಅಂದಹಾಗೆ ಸ್ವಾಮಿಯವ್ರೇ, "ಶುಗರ್ ಮಾತ್ರೆ ಒಂದು ಬಿಟ್ರೆ" ಅಂದ್ರಿ. ಶುಗರ್ ಮಾತ್ರೆ ಮಾತ್ರೆ ಅಲ್ವಾ? ಹೆಸರು ಬರೀರಿ. ಸ್ಟ್ರಿಪ್ ನೋಡಿ ಪೂರ್ತಿ.

ಮಂಡ್ಯದ_ಮಗಳು · ಮಾರ್ಚ್ 4, ಬೆಳಗ್ಗೆ 7:30

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇಲ್ಲಿ ಯಾರೋ ಮಂಡಿ ನೋವಿಗೂ ಗ್ಯಾಸ್ ಅಂತಾರೆ ಅಂದಿದ್ದು ಓದಿ ಕೈ ನಡುಗ್ತು.

ಹೋದ ವರ್ಷ ಶ್ರಾವಣದಲ್ಲಿ ನಮ್ಮಮ್ಮ, 61 ವರ್ಷ, ಶುಗರ್ ಇದೆ, ಬೆಳಗಿನ ಜಾವ ಎದ್ದು "ಬೆನ್ನಿಗೆ ಗ್ಯಾಸ್ ಹಿಡ್ಕೊಂಡೈತೆ ಕಣವ್ವ" ಅಂದ್ರು. ಮೈ ಬೆವರ್ತಿತ್ತು, ವಾಂತಿ ಬರೋ ಥರ ಆಗ್ತಿತ್ತು. ಎದೆನೋವು ಅಂತ ಒಂದು ಸಲಾನೂ ಹೇಳ್ಲಿಲ್ಲ. ನಾನು ಜೀರಿಗೆ ಕಷಾಯ ಕೊಟ್ಟೆ, ಬೆನ್ನು ನೀವಿದೆ. ದೊಡ್ಡಪ್ಪ ಸೋಡಾ ತಂದ್ರು. ಸೋಡಾ ಕುಡಿದು ತೇಗಿದ್ರು, ಎಲ್ರೂ "ಹಾ ಹೋಯ್ತು ಬಿಡು" ಅಂದ್ವಿ. ಐದು ಗಂಟೆ ಆದ್ಮೇಲೆ ಕರ್ಕೊಂಡು ಹೋದಾಗ ಇಸಿಜಿ ನೋಡಿದವ್ರೇ ಹಾರ್ಟ್ ಅಟ್ಯಾಕ್ ಅಂದ್ರು. ಸ್ಟೆಂಟ್ ಹಾಕಿದ್ರು, ಬದುಕಿದ್ದಾರೆ. ಆದರೆ ಹೃದಯದ ಒಂದು ಭಾಗ ಸೋತುಹೋಗಿದೆ, ಮೆಟ್ಟಿಲು ಹತ್ತೋಕಾಗಲ್ಲ. ಆ ಐದು ಗಂಟೆ ನನ್ನದೇ.

ಶುಗರ್ ಇರೋರಿಗೆ, ಹೆಂಗಸರಿಗೆ ನೋವು ಹೀಗೆ ವೇಷ ಹಾಕ್ಕೊಂಡು ಬರಬಹುದು ಅಂತ ಡಾಕ್ಟ್ರು ಆಮೇಲೆ ಹೇಳಿದ್ರು. ಬೆವರು, ಉಸಿರು ಕಟ್ಟೋದು, ಎಡಗೈಗೋ ದವಡೆಗೋ ಬೆನ್ನಿಗೋ ನೋವು ಹರಿಯೋದು, ನಡೆದ್ರೆ ಜಾಸ್ತಿಯಾಗೋದು ಇದ್ರೆ ಕಷಾಯ ಕಾಯಿಸ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಬೇಕು ಅಂದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ನು ದುಡ್ಡಿಲ್ಲದೆ ಕೊಡ್ತಾರೆ. ನಮಗದು ಗೊತ್ತಿರ್ಲಿಲ್ಲ.

ಪೇಡಾನಗರಿ_ಅಕ್ಕ · ಮಾರ್ಚ್ 4, ಬೆಳಗ್ಗೆ 8:10

ನಿಂದಲ್ಲ ಬಿಡವ್ವಾ ತಪ್ಪು. ನಿನ್ನ ಜಾಗಾದಾಗ ನಾನಿದ್ರೂ ಕಷಾಯನ ಕೊಡ್ತಿದ್ದೆ. ಅವ್ವಗ ಚೊಲೋ ನೋಡ್ಕೊ.

ಅಡ್ಮಿನ್ · ಮಾರ್ಚ್ 4, ಬೆಳಗ್ಗೆ 9:00

@ಮಂಡ್ಯದ_ಮಗಳು ಅವರ ಬರಹವನ್ನು ವೇದಿಕೆಯ ಮೇಲ್ತುದಿಗೆ ಪಿನ್ ಮಾಡಿದ್ದೇವೆ. "ಒಂದೇ ವಾರದಲ್ಲಿ ಕರುಳು ಕ್ಲೀನ್" ಪುಡಿ ಮಾರುತ್ತಿದ್ದ ಎರಡು ಖಾತೆಗಳನ್ನು ತೆಗೆದಿದ್ದೇವೆ. ಚರ್ಚೆ ಮುಂದುವರಿಯಲಿ.

ಕೋರಮಂಗಲ_ಕೋಡರ್ (ಬೆಂಗಳೂರು) · ಮಾರ್ಚ್ 4, ಬೆಳಗ್ಗೆ 11:45

ನನ್ನ ಕೇಸ್ ಬೇರೆ. ಹೂಸು ಕಮ್ಮಿ, ತೇಗು ಜಾಸ್ತಿ. ಮೀಟಿಂಗಲ್ಲಿ ಮ್ಯೂಟ್ ಮಾಡ್ಕೊಂಡು ತೇಗೋದು. ಎಂಡೋಸ್ಕೋಪಿವರೆಗೂ ಹೋಗಿ ಬಂದೆ, ಎಲ್ಲಾ ನಾರ್ಮಲ್. ಕೊನೆಗೆ ಒಬ್ರು ವಯಸ್ಸಾದ ಡಾಕ್ಟ್ರು ಊಟಕ್ಕೆ ಎಷ್ಟು ನಿಮಿಷ ತಗೋತೀಯ ಅಂದ್ರು. ಆರು ನಿಮಿಷ ಅಂದೆ. ಅದೇ ಉತ್ತರ ಅಂದ್ರು.

ಗಬಗಬ ತಿನ್ನೋದು, ಫೋನಲ್ಲಿ ಮಾತಾಡ್ತಾ ತಿನ್ನೋದು, ಚೂಯಿಂಗ್ ಗಮ್, ಸ್ಟ್ರಾದಲ್ಲಿ ಕುಡಿಯೋದು, ಸೋಡಾ ಕೋಲಾ, ಎಲ್ಲದರ ಜೊತೆಗೂ ಗಾಳಿ ಒಳಗೆ ಹೋಗುತ್ತಂತೆ. ಇನ್ನೊಂದು ಮಜಾ: ಬರ್ತಿಲ್ಲ ಅಂತ ಬಲವಂತವಾಗಿ ತೇಗೋಕೆ ಹೋದ್ರೆ ಮೊದಲು ಗಾಳಿ ಒಳಗೆಳೆದು ಆಮೇಲೆ ಬಿಡ್ತೀವಿ. ಹಗುರ ಆಗೋಕೆ ಮಾಡಿದ್ದೇ ಭಾರ ಮಾಡ್ತಿತ್ತು. ಗಮ್ ಬಿಟ್ಟು, ಊಟ 20 ನಿಮಿಷ ಮಾಡಿದ ಮೇಲೆ ಮ್ಯೂಟ್ ಬಟನ್ ಮುಟ್ಟಿಲ್ಲ.

ವಿಮಾನದಲ್ಲಿ ಹೊಟ್ಟೆ ಉಬ್ಬೋದಕ್ಕೂ ಕಾರಣ ಹುಡುಕಿದ್ದೆ. ಮೇಲೆ ಹೋದಾಗ ಕ್ಯಾಬಿನ್ ಒಳಗಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗಿರುತ್ತೆ. ಒತ್ತಡ ಕಮ್ಮಿ ಆದಷ್ಟೂ ಒಳಗಿನ ಗಾಳಿ ಹಿಗ್ಗುತ್ತೆ. ಚಿಪ್ಸ್ ಪ್ಯಾಕೆಟ್ ಉಬ್ಬುತ್ತಲ್ಲ, ಹಾಗೇ.

ನಿವೃತ್ತ_ಮೇಷ್ಟ್ರು · ಮಾರ್ಚ್ 4, ಮಧ್ಯಾಹ್ನ 12:30

ಈ ವಯಸ್ಸಿನಲ್ಲಿ ನನ್ನ ತೇಗಿಗೆ ಕಾರಣ ಸಡಿಲವಾದ ಹಲ್ಲುಸೆಟ್ಟು ಎಂದು ದಂತವೈದ್ಯರು ಹೇಳಿದಾಗ ನಂಬಲಿಲ್ಲ. ಸೆಟ್ಟು ಅಲುಗಾಡಿದಷ್ಟೂ ಜೊಲ್ಲು, ಜೊಲ್ಲಿನ ಜೊತೆ ಗಾಳಿ. ಹೊಸದು ಹಾಕಿಸಿದೆ, ಅರ್ಧ ಗುಣ.

ಲೆಕ್ಕದ_ಸ್ವಾಮಿ · ಮಾರ್ಚ್ 4, ರಾತ್ರಿ 10:15

ಮಂಡ್ಯದ ತಂಗಿ ಬರೆದಿದ್ದು ಓದಿ ಹೆದರಿಕೆಯಾಗಿ ಇವತ್ತೇ ಇಸಿಜಿ ಮಾಡಿಸಿದೆ. ನಾರ್ಮಲ್.

ಮಾತ್ರೆಅಂಗಡಿ ಸಾರ್, ಸ್ಟ್ರಿಪ್ ನೋಡಿದೆ. ಮೆಟ್‌ಫಾರ್ಮಿನ್ ನಾಲ್ಕು ವರ್ಷದಿಂದ ಇದೆ. ಈಗಿನ ಸ್ಟ್ರಿಪ್ಪಲ್ಲಿ ಅದರ ಜೊತೆ ವೊಗ್ಲಿಬೋಸ್ ಅಂತಲೂ ಇದೆ. ಊಟ ಆದ ಮೇಲಿನ ಶುಗರ್ ಜಾಸ್ತಿ ಬರ್ತಿದೆ ಅಂತ ಬದಲಾಯಿಸಿದ್ದು. ಯಾವಾಗ ಅಂತ ಚೀಟಿ ಹುಡುಕಿದೆ. ನವೆಂಬರ್ 21.

ಮಾತ್ರೆಅಂಗಡಿ · ಮಾರ್ಚ್ 4, ರಾತ್ರಿ 10:30

ಸಿಕ್ಕಿತು ನೋಡಿ.

ನಾವು ತಿಂದ ಅನ್ನ, ಮುದ್ದೆಯ ಪಿಷ್ಟವನ್ನ ಕೊನೇ ಹಂತದಲ್ಲಿ ಗ್ಲೂಕೋಸ್ ಆಗಿ ಒಡೆಯೋ ಕಿಣ್ವ ಸಣ್ಣ ಕರುಳಿನ ಗೋಡೆಯಲ್ಲಿರುತ್ತೆ. ವೊಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳು ಆ ಕಿಣ್ವಕ್ಕೇ ಅಡ್ಡ ನಿಲ್ಲುತ್ತವೆ. ಅದಕ್ಕೇ ಊಟ ಆದ ಮೇಲೆ ಶುಗರ್ ಧಿಗ್ಗನೆ ಏರಲ್ಲ. ಮಾತ್ರೆ ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಆದರೆ ಒಡೆಯದೆ ಉಳಿದ ಪಿಷ್ಟ ಎಲ್ಲಿಗೆ ಹೋಗಬೇಕು? ಕೆಳಗೆ, ದೊಡ್ಡ ಕರುಳಿಗೆ. ಅಲ್ಲಿ ಬ್ಯಾಕ್ಟೀರಿಯಾಕ್ಕೆ ಮದುವೆ ಊಟ. ಮೇಷ್ಟ್ರು ಕಾಳಿನ ಬಗ್ಗೆ ಹೇಳಿದ್ದು ನಿಮಗೆ ಈಗ ಅನ್ನದಲ್ಲೂ ಆಗ್ತಿದೆ. ಹೊಟ್ಟೆ ಉಬ್ಬರ, ಹೂಸು ಈ ಮಾತ್ರೆಯ ಗೊತ್ತಿರೋ ಅಡ್ಡಪರಿಣಾಮ. ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ, ಕೆಲವರಿಗೆ ಇಳಿಯಲ್ಲ.

ಅದೇ ವಾರ ಮಾರ್ಕೆಟ್ಟಿಗೆ ಅವರೆಕಾಯಿ ಬಂತು. ನೀವು ಅವರೆಕಾಯಿನ ಹಿಡ್ಕೊಂಡ್ರಿ.

ಇನ್ನು ಎರಡು ಮಾತು, ದಯವಿಟ್ಟು ಗಮನ ಕೊಡಿ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರ ಹತ್ರ ಹೋಗಿ ಹೀಗಾಗ್ತಿದೆ ಅನ್ನಿ. ಬದಲು ಮಾಡೋಕೆ, ಕಮ್ಮಿ ಮಾಡೋಕೆ ಅವರ ಹತ್ರ ದಾರಿ ಇದೆ. ಎರಡನೇದು, ಈ ಮಾತ್ರೆ ತಗೊಳ್ಳೋರಿಗೆ ಯಾವಾಗಾದ್ರೂ ಶುಗರ್ ಕುಸಿದ್ರೆ ಮನೆ ಸಕ್ಕರೆ ಬಾಯಿಗೆ ಹಾಕಿದ್ರೆ ಬೇಗ ಏರಲ್ಲ. ಸಕ್ಕರೆ ಒಡೆಯೋ ಕಿಣ್ವವನ್ನೂ ಇದು ತಡೆಯುತ್ತೆ. ಗ್ಲೂಕೋಸ್ ಪುಡಿಯೇ ಬೇಕು. ಮನೇಲಿ ಒಂದು ಪ್ಯಾಕೆಟ್ ಇಟ್ಕೊಂಡಿರಿ.

ಲೆಕ್ಕದ_ಸ್ವಾಮಿ · ಮಾರ್ಚ್ 4, ರಾತ್ರಿ 10:42

ಸಾರ್, ಮೂರು ತಿಂಗಳು ಅವರೆಕಾಯಿಗೆ ಬೈದೆನಲ್ಲ. ಹೆಂಡತಿ ಹತ್ರ ಜಗಳ ಬೇರೆ, ಅವಳ ಅಡುಗೆ ಸರಿಯಿಲ್ಲ ಅಂತ.

ಪೇಡಾನಗರಿ_ಅಕ್ಕ · ಮಾರ್ಚ್ 4, ರಾತ್ರಿ 10:50

ಮೊದ್ಲ ಹೋಗಿ ಆಕಿ ಕಾಲ ಹಿಡ್ಕೊಳ್ರಿ. ಡಾಕ್ಟರ್ ಕಡೆ ನಾಳೆ ಹೋಗೂವಂತ್ರಿ.

ಯಾರ್ರಾ_ದಂಡೆ · ಮಾರ್ಚ್ 5, ಬೆಳಗ್ಗೆ 5:00

ಒಂದೇ ಕಾರಣ ಅಂತ ಅಲ್ಲಿಗೇ ನಿಲ್ಲಬೇಡಿ ಸ್ವಾಮಿಯವರೆ. ಡಾಕ್ಟರ ಹತ್ರ ಹೋಗೋ ಮುಂಚೆ ಒಂದು ವಾರ ಬರೆದಿಡಿ: ಏನು ತಿಂದ್ರಿ, ಎಷ್ಟೊತ್ತಿಗೆ, ಉಬ್ಬರ ಎಷ್ಟೊತ್ತಿಗೆ. ನೀವು ಲೆಕ್ಕದವ್ರು, ನಿಮಗೆ ಹೇಳಿಕೊಡಬೇಕಾ?

ಲೆಕ್ಕದ_ಸ್ವಾಮಿ · ಮಾರ್ಚ್ 12, ರಾತ್ರಿ 9:30

ಲೆಡ್ಜರ್ ಹಾಕಿದ್ದೀನಿ. ಬರೆಯೋಕೆ ಕೂತ ಮೇಲೆ ನನಗೇ ಗೊತ್ತಿಲ್ಲದ ಬಾಬತ್ತುಗಳು ಹೊರಬಂದ್ವು.

ಕಾಫಿ. ದಿನಕ್ಕೆ ಎರಡು ಅಂತ ಎಲ್ರಿಗೂ ಹೇಳ್ತಿದ್ದೆ. ಬರೆದ್ರೆ ಐದು! ಆಫೀಸ್ ಹುಡುಗ ತಂದಿಟ್ಟಾಗ ಕುಡಿದಿದ್ದು ಲೆಕ್ಕಕ್ಕೇ ಬಂದಿರ್ಲಿಲ್ಲ. ಎಲ್ಲಾ ಗಟ್ಟಿ ಹಾಲಿಂದು. ರಾತ್ರಿ ಮಲಗೋವಾಗ ಒಂದು ಲೋಟ ಹಾಲು ಬೇರೆ.

ಶುಗರ್‌ಫ್ರೀ ಪೆಪ್ಪರ್‌ಮಿಂಟು. ಶುಗರ್ ಬಂದ ಮೇಲೆ ಸಿಹಿ ಆಸೆಗೆ ಡ್ರಾಯರಲ್ಲಿ ಇಟ್ಕೊಂಡಿದ್ದೆ. ಮಧ್ಯಾಹ್ನ ಮೂರರಿಂದ ಐದರೊಳಗೆ ಎಂಟೊಂಬತ್ತು ಖಾಲಿ. ಪ್ಯಾಕೆಟ್ ಹಿಂದೆ ಸಾರ್ಬಿಟಾಲ್ ಅಂತ ಬರೆದಿದೆ.

ಊಟದ ಟೈಮು ಏಳೆಂಟು ನಿಮಿಷ. ಕೋಡರ್ ತಮ್ಮನ ದಾಖಲೆ ಮುರಿಯೋಕೆ ಒಂದು ನಿಮಿಷ ಬಾಕಿ.

ಊಟ ಆದ ಮೇಲೆ ನಡೆದಿದ್ದು: ಏಳು ದಿನಕ್ಕೆ ಸೊನ್ನೆ.

ಮಾತ್ರೆಅಂಗಡಿ · ಮಾರ್ಚ್ 12, ರಾತ್ರಿ 10:00

ಸಾರ್ಬಿಟಾಲ್ ಪಕ್ಕಾ ಆರೋಪಿ. ಸಕ್ಕರೆ ಬದಲು ಸಿಹಿಗೆ ಹಾಕೋದು ಅದು. ಕರುಳಲ್ಲಿ ಅರೆಬರೆ ಹೀರಿಕೆ ಆಗುತ್ತೆ, ಉಳಿದಿದ್ದು ಹುದುಗುತ್ತೆ. ಜಾಸ್ತಿ ತಿಂದ್ರೆ ಭೇದಿಯೂ ಆಗುತ್ತೆ. ಶುಗರ್‌ಫ್ರೀ ಅಂದ ತಕ್ಷಣ ಹೊಟ್ಟೆಗೂ ಫ್ರೀ ಅಲ್ಲ.

ಹಾಲಿನ ವಿಷಯ ಸೂಕ್ಷ್ಮ. 100 ಮಿಲಿ ಹಾಲಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತೆ. ದೊಡ್ಡವರಾದ ಮೇಲೆ ಅದನ್ನ ಒಡೆಯೋ ಕಿಣ್ವ ಕಮ್ಮಿ ಆಗೋದು ಪ್ರಪಂಚದ ಹೆಚ್ಚಿನ ಜನರ ಕಥೆ, ದಕ್ಷಿಣ ಭಾರತದಲ್ಲಂತೂ ಮಾಮೂಲು. ಅಂಥವರೂ ಒಂದು ಸಲಕ್ಕೆ 12 ಗ್ರಾಂವರೆಗೆ ಸಾಮಾನ್ಯವಾಗಿ ತಡ್ಕೋತಾರೆ. ಹಾಗಾಗಿ ಒಂದು ಲೋಟ ಕಾಫಿ ಸಾಮಾನ್ಯವಾಗಿ ಹೊಟ್ಟೆ ಕೆಡಿಸಲ್ಲ. ಐದು ಕಾಫಿ, ಮೇಲೆ ಒಂದು ಲೋಟ ಹಾಲು ಅಂದ್ರೆ ಲೆಕ್ಕ ಬೇರೆ. ರಾತ್ರಿ ಹಾಲಿನ ಬದಲು ಮಧ್ಯಾಹ್ನ ಮಜ್ಜಿಗೆ ಕುಡೀರಿ. ಮೊಸರಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನ ಅಷ್ಟಿಷ್ಟು ತಾನೇ ತಿಂದು ಮುಗಿಸಿರುತ್ತೆ.

ಪೇಡಾನಗರಿ_ಅಕ್ಕ · ಮಾರ್ಚ್ 13, ಮಧ್ಯಾಹ್ನ 2:00

ನಂದೂ ಒಂದು ಕೇಳೂದಿತ್ತು, ಇಷ್ಟ ದಿನ ಸುಮ್ನಿದ್ದೆ. ನಮ್ಮ ನಾದಿನಿಗೆ 56 ವರ್ಷ. ಎರಡು ತಿಂಗಳಾತು ಹೊಟ್ಟಿ ಉಬ್ಬೂದು ಇಳದs ಇಲ್ಲ. ಸ್ವಲ್ಪ ತಿಂದ್ರೂ ಹೊಟ್ಟಿ ತುಂಬತೈತಿ ಅಂತಾಳ. ಸೀರಿ ಕಟ್ಟು ಬಿಗಿ ಆಗೈತಿ, ಮುಖ ಮಾತ್ರ ಸೊರಗೈತಿ. ಇದಕ್ಕೂ ಇಂಗು ಓಮ ಸಾಕೇನು?

ಮಾತ್ರೆಅಂಗಡಿ · ಮಾರ್ಚ್ 13, ಮಧ್ಯಾಹ್ನ 2:12

ಸಾಕಾಗಲ್ಲ ಅಕ್ಕ. ಇದೇ ವಾರ ಕರ್ಕೊಂಡು ಹೋಗಿ. ಊಟದ ಜೊತೆ ಬಂದು ಹೋಗೋ ಉಬ್ಬರ ಬೇರೆ, ಹಗಲು ರಾತ್ರಿ ಇಳಿಯದ ಉಬ್ಬರ ಬೇರೆ. 50 ದಾಟಿದ ಹೆಂಗಸರಿಗೆ ಹೊಸದಾಗಿ ಹೀಗೆ ಶುರುವಾದ್ರೆ ಅಂಡಾಶಯದ ತೊಂದರೆ ಅಲ್ಲ ಅನ್ನೋದನ್ನ ಸ್ಕ್ಯಾನ್ ಮಾಡಿ ನೋಡಲೇಬೇಕು. ಏನೂ ಇಲ್ಲದೇ ಇರಬಹುದು. ಆದ್ರೂ ನೋಡಿಸಿ. ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯೋದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸೋ ನೋವು, ಇವು ಗಂಡಸರಿಗಾಗ್ಲಿ ಹೆಂಗಸರಿಗಾಗ್ಲಿ ಅಂಗಡಿ ಮಾತ್ರೆಗೆ ಸೇರಿದ್ದಲ್ಲ.

ಪೇಡಾನಗರಿ_ಅಕ್ಕ · ಮಾರ್ಚ್ 13, ಮಧ್ಯಾಹ್ನ 2:20

ನಾಳೆನs ಹೋಗ್ತೀವ್ರಿ. ಅಕಿ ಒಲ್ಲೆ ಅಂದ್ರೂ ಎಳಕೊಂಡು ಹೋಗ್ತೀನಿ.

ಕೋರಮಂಗಲ_ಕೋಡರ್ · ಮಾರ್ಚ್ 13, ಸಂಜೆ 6:30

ನಾಚಿಕೆ ಬಿಟ್ಟು ಕೇಳ್ತೀನಿ. ದಿನಕ್ಕೆ ಎಷ್ಟು ಸಲ ನಾರ್ಮಲ್? ವಾಸನೆ ಬಂದ್ರೆ ಕಾಯಿಲೆನಾ? ನಮ್ಮ ರೂಮ್‌ಮೇಟ್ ಒಬ್ಬ ಇದ್ದಾನೆ...

ನಿವೃತ್ತ_ಮೇಷ್ಟ್ರು · ಮಾರ್ಚ್ 13, ಸಂಜೆ 7:15

ರೂಮ್‌ಮೇಟ್! ಇರಲಿ, ನಂಬಿದೆ. ಆರೋಗ್ಯವಂತರು ದಿನಕ್ಕೆ 10ರಿಂದ 20 ಸಲ ಬಿಡುವುದು ಸಹಜ. ಒಟ್ಟು ಪ್ರಮಾಣ ಅರ್ಧ ಲೀಟರಿನಿಂದ ಒಂದೂವರೆ ಲೀಟರು. ಇದನ್ನು ಅಳೆದವರೂ ಇದ್ದಾರೆ. ಅಮೆರಿಕದ ಮೈಕೆಲ್ ಲೆವಿಟ್ ಎಂಬ ವೈದ್ಯರು 1970ರ ದಶಕದಿಂದ ದಶಕಗಟ್ಟಲೆ ಹೂಸಿನ ಮೇಲೇ ಸಂಶೋಧನೆ ಮಾಡಿದರು. ಅವರ ಮನೆಯವರು ನೆಂಟರಿಗೆ ಏನೆಂದು ಹೇಳುತ್ತಿದ್ದರೋ! ಹೊರಬರುವುದರಲ್ಲಿ ನೂರಕ್ಕೆ 99 ಪಾಲಿಗೆ ವಾಸನೆಯೇ ಇಲ್ಲ. ಉಳಿದ ಒಂದು ಪಾಲಿಗಿಂತಲೂ ಕಡಿಮೆ ಇರುವ ಹೈಡ್ರೋಜನ್ ಸಲ್ಫೈಡಿನಂಥ ಗಂಧಕದ ಅನಿಲಗಳೇ ಊರು ಬಿಡಿಸುವುದು. ಮೊಟ್ಟೆ, ಮಾಂಸ, ಎಲೆಕೋಸು, ಬೆಳ್ಳುಳ್ಳಿ ತಿಂದ ದಿನ ಜಾಸ್ತಿ. ವಾಸನೆಯೊಂದೇ ಇದ್ದರೆ ಅದು ಊಟದ ಸುದ್ದಿ, ಕಾಯಿಲೆಯದ್ದಲ್ಲ.

ನಿಮ್ಮ ರೂಮ್‌ಮೇಟ್‌ಗೆ ಮಲಬದ್ಧತೆ ಇದೆಯೇ ಕೇಳಿ. ಮಲ ಒಳಗೇ ಕೂತಷ್ಟೂ ಹುದುಗುವುದಕ್ಕೆ ಸಮಯ ಜಾಸ್ತಿ. ಇದ್ದರೆ ನೀರು, ಓಡಾಟ, ನಾರು. ನಾರನ್ನು ಒಂದೇ ದಿನ ಸುರಿಯಬೇಡಿ, ಮೊದಲಿಗೆ ಗ್ಯಾಸ್ ಇನ್ನೂ ಹೆಚ್ಚುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ. ಬೆಳಗ್ಗೆ ಪವನಮುಕ್ತಾಸನ ಮಾಡಿಸಿ, ಹೆಸರಲ್ಲೇ ಇದೆ ಅದರ ಕೆಲಸ. ಮಂಡಿಯನ್ನು ಎದೆಗೆ ಒತ್ತಿ ಮಲಗುವಾಗ ಪಕ್ಕದಲ್ಲಿ ಯಾರೂ ಇರದಂತೆ ನೋಡಿಕೊಳ್ಳಿ.

ಲೆಕ್ಕದ_ಸ್ವಾಮಿ · ಮಾರ್ಚ್ 28, ರಾತ್ರಿ 9:50

ತಡವಾಯ್ತು, ವರ್ಷದ ಲೆಕ್ಕ ಮುಗಿಸೋ ಗಲಾಟೆ.

ಡಾಕ್ಟರ ಹತ್ರ 13ನೇ ತಾರೀಖು ಹೋದೆ. ಲೆಡ್ಜರ್ ತೋರಿಸಿದ್ರೆ ಬೈತಾರೆ ಅಂದ್ಕೊಂಡಿದ್ದೆ, ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ವೊಗ್ಲಿಬೋಸ್ ತೆಗೆದು ಬೇರೆ ಬರೆದುಕೊಟ್ರು. ಪ್ಯಾಂಟೊಪ್ರಜೋಲ್ ಯಾಕೆ ತಗೋತಿದ್ದೀರಿ ಅಂದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ. ಅದೂ ಬಂದ್. ನಾನು ಪೆಪ್ಪರ್‌ಮಿಂಟು ಡ್ರಾಯರಿಂದ ಎಸೆದೆ, ಕಾಫಿ ಎರಡಕ್ಕೆ ಇಳಿಸಿದೆ. ನಿಜವಾದ ಎರಡು. ಊಟ ಆದ ಮೇಲೆ ಆಫೀಸ್ ಸುತ್ತ ಹತ್ತು ನಿಮಿಷ ನಡೀತೀನಿ, ಹೊಟ್ಟೆಗೆ ಕೆಲಸ ಕೊಟ್ಟ ಹಾಗಾಯ್ತು, ಜೊತೆಗೆ ಬಿಡೋದಿದ್ರೆ ಬಯಲಲ್ಲೇ ಬಿಟ್ಟು ಬರಬಹುದು.

ನಾಲ್ಕನೇ ದಿನಕ್ಕೇ ತಮಟೆ ಇಳೀತು. ಪೂರ್ತಿ ನಿಂತಿಲ್ಲ. ಮೇಷ್ಟ್ರು ಹೇಳಿದ ಕಂದಾಯ ಕಟ್ತಿದ್ದೀನಿ, ಬಡ್ಡಿ ನಿಂತಿದೆ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರಿಂದ ಯಾವುದರಿಂದ ಎಷ್ಟು ಇಳೀತು ಅಂತ ಹೇಳೋಕಾಗ್ತಿಲ್ಲ, ಅದೊಂದು ಲೆಕ್ಕದವನಿಗೆ ಬೇಜಾರು.

ಈಗ ಹೊಸ ಪ್ರಶ್ನೆ. ಭಾನುವಾರ ಯುಗಾದಿ. ಹೋಳಿಗೆ. ಬೇಳೆ, ಬೆಲ್ಲ, ಮೈದಾ, ಮೇಲೆ ತುಪ್ಪ ಹಾಲು.

ಮಾತ್ರೆಅಂಗಡಿ · ಮಾರ್ಚ್ 28, ರಾತ್ರಿ 10:05

ಗ್ಯಾಸ್ ಆಮೇಲೆ, ಮೊದಲು ಶುಗರ್ ನೆನಪಿದೆಯಾ? ಒಂದು. ಹಾಲು ಬೇಡ.

ಪೇಡಾನಗರಿ_ಅಕ್ಕ · ಮಾರ್ಚ್ 28, ರಾತ್ರಿ 10:20

ಹಬ್ಬದ ದಿನ ಒಂದು ಹೋಳಿಗಿ ಅಂದ್ರ ಮನಿ ಹೆಣ್ಮಗಳಿಗೆ ಅವಮಾನ. ಬ್ಯಾಳಿ ಕುದಿಸಿದ ನೀರು ಹೋಳಿಗ್ಯಾಗ ಹೋಗಂಗಿಲ್ಲ, ಬಸಿದು ಕಟ್ಟಿನ ಸಾರಿಗೆ ಹಾಕ್ತೀವಿ. ಹಂಗಾಗಿ ಹೋಳಿಗಿ ತಿನ್ರಿ, ಸಾರು ಮೇಷ್ಟ್ರಿಗೆ ಬಿಡ್ರಿ!

ನಾದಿನಿ ಸ್ಕ್ಯಾನ್ ಆತು. ಅಂಡಾಶಯದಾಗ ಗಂಟು ಐತಿ. ಮಂಗಳವಾರ ಆಪರೇಶನ್. ಲಗೂನ ಬಂದೀರಿ ಅಂದ್ರು ಡಾಕ್ಟರ್.

ಮಂಡ್ಯದ_ಮಗಳು · ಮಾರ್ಚ್ 28, ರಾತ್ರಿ 10:31

ಅಕ್ಕಾ, ಮಂಗಳವಾರ ಆದ ಮೇಲೆ ಇಲ್ಲೇ ಬಂದು ಬರೀರಿ. ಕಾಯ್ತಿರ್ತೀನಿ.

ಲೆಕ್ಕದ_ಸ್ವಾಮಿ · ಮಾರ್ಚ್ 30, ರಾತ್ರಿ 9:15

ಹೋಳಿಗೆ: ಒಂದೂವರೆ. ಅರ್ಧ ಹೆಂಡತಿ ತಟ್ಟೆಯಿಂದ, ಅದು ನನ್ನ ಖಾತೆಗೆ ಬರಲ್ಲ. ಸಾರು ಎರಡು ಸೌಟು. ನಡಿಗೆ 40 ನಿಮಿಷ. ಸದ್ದು ಬಂತು, ಬಯಲಲ್ಲಿ.

ಅಕ್ಕಾ, ಮಂಗಳವಾರ ನಾವೂ ನೆನೆಸ್ಕೋತಿರ್ತೀವಿ.